ಲಾಗೋಸ್‌ಗೆ ಹೊಸದಾಗಿ ಬಂದಿದ್ದೀರಾ? ಚುನಾವಣೆಗೆ ಮೊದಲು ಇಷ್ಟು ಮಾಡಿಕೊಳ್ಳಿ

ನೈಜೀರಿಯಾಕ್ಕೆ 2027 ಚುನಾವಣೆಯ ವರ್ಷ. ಊರಲ್ಲಿ ಮತದಾನವೆಂದರೆ ಒಂದು ದಿನದ ರಜೆ, ಬೆರಳಿಗೊಂದು ಶಾಯಿ. ಇಲ್ಲಿ ಪಕ್ಷಗಳು ಅಭ್ಯರ್ಥಿ ಆರಿಸುವಲ್ಲಿಂದ ಮೇ 29ರ ಪ್ರಮಾಣವಚನ ಮುಗಿಯುವವರೆಗೆ ನಗದು, ಪೆಟ್ರೋಲು, ಡಾಲರು ಮೂರೂ ಸರದಿಯ ಮೇಲೆ ಕೈಕೊಡುತ್ತವೆ. ಹೊಸಬರು ಗಲಾಟೆಗೆ ಹೆದರುತ್ತಾರೆ. ನಮ್ಮಂಥವರನ್ನು ಹೆಚ್ಚು ಕಾಡಿದ್ದು ಖಾಲಿ ಜೇಬು ಮತ್ತು ಖಾಲಿ ಜನರೇಟರು.

ಮೊದಲು ನಗದು. 2023ರ ಫೆಬ್ರವರಿ 25ರಂದು ಅಧ್ಯಕ್ಷರ ಚುನಾವಣೆ. ಅದಕ್ಕೆ ಹದಿನೈದು ದಿನ ಮೊದಲು, ಫೆಬ್ರವರಿ 10ಕ್ಕೆ, ಹಳೆಯ 200, 500, 1000 ನೈರಾ ನೋಟುಗಳ ಗಡುವು ಮುಗಿಯಿತು. ಹೊಸ ನೋಟು ಸಾಕಷ್ಟು ಬರಲಿಲ್ಲ. ನಮ್ಮ 2016ರ ನವೆಂಬರ್ ನೆನಪಿದ್ದವರಿಗೆ ಬೇರೆ ವಿವರಣೆ ಬೇಡ. ರಸ್ತೆಬದಿಯ ಪಿಒಎಸ್ ಹುಡುಗರು (ಕಾರ್ಡ್ ಉಜ್ಜಿಸಿಕೊಂಡು ನಗದು ಕೊಡುವವರು) ಸಾವಿರ ನೈರಾ ಕೊಡಲು ಇನ್ನೂರು, ಮುನ್ನೂರು ಕಮಿಷನ್ ಹಿಡಿದರು. ಎಲ್ಲರೂ ಫೋನಿನಲ್ಲೇ ದುಡ್ಡು ಕಳಿಸಲು ಹೊರಟಿದ್ದರಿಂದ ಬ್ಯಾಂಕಿನ ಆ್ಯಪ್‌ಗಳು ಕುಸಿದವು. ಖಾತೆಯಿಂದ ಹಣ ಹೋಗಿದೆ, ಅಂಗಡಿಯವನಿಗೆ ಬಂದಿಲ್ಲ, ನೀವು ತರಕಾರಿ ಚೀಲ ಹಿಡಿದು ನಿಂತಿದ್ದೀರಿ. ಮಾರ್ಚ್ 3ರಂದು ಸುಪ್ರೀಂ ಕೋರ್ಟ್ ಹಳೆ ನೋಟುಗಳನ್ನು ಆ ವರ್ಷದ ಕೊನೆಯವರೆಗೂ ನಡೆಸಿ ಎಂದಿತು. ಅದೇ ಆಟ ಮತ್ತೆ ನಡೆಯಬೇಕೆಂದಿಲ್ಲ. ಆದರೂ ಎರಡು ಬೇರೆ ಬ್ಯಾಂಕಿನಲ್ಲಿ ಖಾತೆ ಇರಲಿ, ಹತ್ತು ದಿನದ ಖರ್ಚಿನಷ್ಟು ನಗದು ಸಣ್ಣ ನೋಟುಗಳಲ್ಲಿ ಮನೆಯಲ್ಲಿರಲಿ. ಸಾವಿರದ ನೋಟು ಕೊಟ್ಟರೆ ಕೆಕೆ ಓಡಿಸುವವನ ಹತ್ತಿರ ಚಿಲ್ಲರೆ ಇರುವುದಿಲ್ಲ. ಕೆಕೆ ಅಂದರೆ ನಮ್ಮ ಆಟೋನೇ, ಬಹುಪಾಲು ಬಜಾಜ್.

ಪೆಟ್ರೋಲಿನದು ವಿಚಿತ್ರ. ಕಚ್ಚಾ ತೈಲ ಮಾರಿ ಬದುಕುವ ದೇಶ, ಬಂಕಿನ ಮುಂದೆ ಮಾತ್ರ ಸಾಲು. ಸರ್ಕಾರಿ ಸಂಸ್ಕರಣಾಗಾರಗಳು ಕೆಟ್ಟು ಕೂತಿದ್ದವು, ಪೆಟ್ರೋಲು ಹೊರಗಿನಿಂದ ಬರಬೇಕಿತ್ತು. ದಿನಕ್ಕೆ ಆರೂವರೆ ಲಕ್ಷ ಬ್ಯಾರೆಲ್ ಸಾಮರ್ಥ್ಯದ ಡಾಂಗೋಟೆ ಸಂಸ್ಕರಣಾಗಾರ 2024ರ ಸೆಪ್ಟೆಂಬರ್‌ನಿಂದ ಪೆಟ್ರೋಲು ಕೊಡುತ್ತಿದ್ದರೂ ಬೆಲೆ ಡಾಲರಿನ ಜೊತೆಗೇ ಏರಿಳಿಯುತ್ತದೆ. ಐದು ಕೆವಿಎ ಜನರೇಟರು ಅರ್ಧ ಲೋಡಿನಲ್ಲಿ ಗಂಟೆಗೆ ಒಂದೂವರೆಯಿಂದ ಎರಡು ಲೀಟರ್ ಕುಡಿಯುತ್ತದೆ. ದಿನಕ್ಕೆ ಆರು ಗಂಟೆ ಓಡಿಸಿದರೆ ಒಂಬತ್ತರಿಂದ ಹನ್ನೆರಡು ಲೀಟರ್ ಆಯಿತು. ಹಾಗಂತ ಮನೆಯೊಳಗೆ ಕ್ಯಾನುಗಟ್ಟಲೆ ತುಂಬಿಡಬೇಡಿ. ಫ್ರಿಜ್ಜು, ಫ್ಯಾನು, ವೈಫೈಗೆ ಇನ್ವರ್ಟರ್ ಹಾಕಿಸಿ, ಜನರೇಟರನ್ನು ಸಂಜೆಗೆ ಇಟ್ಟುಕೊಳ್ಳಿ. ಅಭಾವದ ದಿನಗಳಲ್ಲಿ ರಸ್ತೆಬದಿ ಕ್ಯಾನಿನಲ್ಲಿ ಮಾರುವ ಪೆಟ್ರೋಲಿಗೆ ನೀರೋ ಸೀಮೆಎಣ್ಣೆಯೋ ಬೆರೆತಿರುವುದುಂಟು. ಪಾರದರ್ಶಕ ಬಾಟಲಿಗೆ ಸ್ವಲ್ಪ ಸುರಿದು ಕಾಲು ಗಂಟೆ ಬಿಡಿ. ನೀರಿದ್ದರೆ ತಳದಲ್ಲಿ ಗುಳ್ಳೆಯ ಹಾಗೆ ಕೂರುತ್ತದೆ. ಸೀಮೆಎಣ್ಣೆ ಹೀಗೆ ಸಿಕ್ಕಿಬೀಳುವುದಿಲ್ಲ, ಜನರೇಟರು ಕರಿ ಹೊಗೆ ಉಗುಳಿದಾಗಲೇ ತಿಳಿಯುವುದು. ಬಾಲ್ಕನಿಯಲ್ಲಿ ಜನರೇಟರು ಬೇಡವೇ ಬೇಡ. ಮುಚ್ಚಿದ ಕಿಟಕಿಯ ಸಂದಿಯಿಂದಲೂ ಒಳಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಅಡುಗೆಮನೆಗೆ ಎರಡು ಮಾತು. ಇಲ್ಲಿ ದೊಡ್ಡ ಸಿಲಿಂಡರು 12.5 ಕೆಜಿ, ನಾವೇ ಒಯ್ದು ತೂಕ ಹಾಕಿಸಿ ತುಂಬಿಸಿಕೊಳ್ಳಬೇಕು, ಮನೆಬಾಗಿಲಿಗೆ ಬುಕ್ಕಿಂಗ್ ಎಂಬುದನ್ನು ಮರೆತುಬಿಡಿ. ಮತದಾನದ ವಾರದ ಬುಧವಾರದೊಳಗೆ ತುಂಬಿಸಿ. ತೊಗರಿಬೇಳೆ ಮುಗಿದರೆ ಸಂತೆಯಲ್ಲಿ ‘ಬೀನ್ಸ್’ ಎಂದು ಮಾರುವುದು ನಮ್ಮ ಅಲಸಂದೆ. ಹುಳಿಗೆ, ಉಸಲಿಗೆ ಎರಡಕ್ಕೂ ಒದಗುತ್ತದೆ.

ಇನ್ನು ಮತದಾನದ ದಿನ. ಯಾವಾಗಲೂ ಶನಿವಾರ, ಇಡೀ ದೇಶಕ್ಕೆ ಒಂದೇ ದಿನ. ನಮ್ಮ ಹಾಗೆ ಹಂತಗಳಿಲ್ಲ. 2023ರಲ್ಲಿ ಮಧ್ಯರಾತ್ರಿ 12ರಿಂದ ಸಂಜೆ 6ರವರೆಗೆ ವಾಹನ ಸಂಚಾರ ಬಂದ್ ಇತ್ತು, ಭೂಗಡಿಗಳೂ ಮುಚ್ಚಿದ್ದವು. ಆದ್ದರಿಂದ ಶನಿವಾರದ ವಿಮಾನ ಟಿಕೆಟ್ ತೆಗೆಯಬೇಡಿ; ತೆಗೆದಾಗಿದ್ದರೆ ಶುಕ್ರವಾರ ಸಂಜೆಯೇ ಇಕೆಜಾದಲ್ಲಿ ವಿಮಾನ ನಿಲ್ದಾಣದ ಹತ್ತಿರ ರೂಮು ಹಿಡಿಯಿರಿ. ಸುಮಾರು 1,76,000 ಮತಗಟ್ಟೆಗಳಲ್ಲಿ ಎಷ್ಟೋ ಬೀದಿಯಲ್ಲೇ, ಶಾಲೆಯ ಅಂಗಳದಲ್ಲೇ ಇರುತ್ತವೆ. ನಿಮ್ಮ ಗೇಟಿನ ಎದುರಿಗೂ ಇರಬಹುದು. ಬೆಳಿಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಎರಡೂವರೆವರೆಗೆ ಮತದಾನ. ಮತಪತ್ರದ ಮೇಲೆ ಹೆಬ್ಬೆಟ್ಟು ಒತ್ತುತ್ತಾರೆ, ಅಲ್ಲೇ ಎಲ್ಲರೆದುರು ಗಟ್ಟಿಯಾಗಿ ಎಣಿಸುತ್ತಾರೆ. ಜನ ಸೇರುವುದೂ ಮಾತಿಗೆ ಮಾತು ಬೆಳೆಯುವುದೂ ಎಣಿಕೆಯ ಹೊತ್ತಿಗೇ. ಮೂರು ಗಂಟೆಗೆ ‘ಮುಗೀತಲ್ಲ’ ಎಂದು ಹೊರಗೆ ಇಣುಕಬೇಡಿ, ಮೊಬೈಲ್ ಎತ್ತಿ ವಿಡಿಯೊ ಮಾಡುವುದಂತೂ ಬೇಡವೇ ಬೇಡ. (ಮೈಸೂರು ಪೇಂಟ್ಸ್‌ನ ಅಳಿಸಲಾಗದ ಶಾಯಿ ಈ ದೇಶಕ್ಕೂ ರಫ್ತಾಗಿದೆ. ಡ್ರೈವರ್ ಜೊತೆ ಮಾತಿಗೆ ಅಷ್ಟು ಸಾಕು. ಯಾರಿಗೆ ಓಟು ಎಂದು ಕೇಳಬೇಡಿ.)

ಕಾರ್ಖಾನೆ ನೋಡಿಕೊಳ್ಳುವವರು ಇದನ್ನು ಗಮನಿಸಿ. ಹೆಸರು ನೋಂದಾಯಿಸಿದ ಮತಗಟ್ಟೆಯಲ್ಲೇ ಓಟು ಹಾಕಬೇಕು. ಹೀಗಾಗಿ ಓಟಾ, ಅಗ್ಬಾರಾ ಕಡೆಯ ಕೆಲಸಗಾರರು ಗುರುವಾರ ಸಂಜೆಗೇ ಊರಿಗೆ ಹೊರಡುತ್ತಾರೆ, ಸೋಮವಾರಕ್ಕೆ ಮೊದಲು ಬರುವುದಿಲ್ಲ. ಶಿಫ್ಟ್ ಅದಕ್ಕೆ ತಕ್ಕಂತೆ ಹಾಕಿ, ಸಂಬಳ ಬುಧವಾರವೇ ಕೊಡಿ. ದಿನಾಂಕವನ್ನೇ ನಂಬಿಕೊಂಡು ಕೂರಬೇಡಿ: 2015ರಲ್ಲಿ ಆರು ವಾರ ಮುಂದೂಡಿದರು, 2019ರಲ್ಲಂತೂ ಮತಗಟ್ಟೆ ತೆರೆಯಲು ಕೆಲವೇ ಗಂಟೆ ಇರುವಾಗ ಒಂದು ವಾರ ಮುಂದಕ್ಕೆ ಹೋಯಿತು.

ಅಧ್ಯಕ್ಷರ ಚುನಾವಣೆ ಮುಗಿದರೆ ಕೆಲವು ವಾರಗಳಲ್ಲಿ ರಾಜ್ಯಪಾಲರದು. ಇಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯ ಅಧಿಕಾರ ಇರುವವರು, ಜನರೇ ಆರಿಸುತ್ತಾರೆ. ಹೊಸಬರು ಮೈಮರೆಯುವುದು ಈ ಎರಡನೆಯ ಸುತ್ತಿನಲ್ಲೇ. ಸ್ಥಳೀಯ ಜಿದ್ದು, ಯೊರುಬಾ–ಇಗ್ಬೊ ಜನಾಂಗಗಳ ತಿಕ್ಕಾಟ ಲಾಗೋಸಿನಲ್ಲಿ 2023ರ ಮಾರ್ಚ್ 18ರಂದೇ ಜೋರಾಗಿ ಕಂಡಿತು. ಸಂಚಾರ ನಿರ್ಬಂಧ, ಸಾಮಾನು, ಪೆಟ್ರೋಲು ಎಲ್ಲಕ್ಕೂ ಮತ್ತೊಮ್ಮೆ ಅದೇ ತಯಾರಿ ಬೇಕು. ಕೆಲಸದ ಮೇಲೆ ಉತ್ತರಕ್ಕೆ ಹೋಗಬೇಕಾದವರು ಅಬುಜಾ–ಕಡೂನಾ ರಸ್ತೆ ಹಿಡಿಯಬೇಡಿ, ಅದು ಅಪಹರಣಕ್ಕೆ ಹೆಸರಾದ ದಾರಿ. 2022ರ ಮಾರ್ಚ್ 28ರಂದು ರೈಲಿನ ಮೇಲೂ ದಾಳಿಯಾಯಿತು. ಆಗ್ನೇಯದ ರಾಜ್ಯಗಳಲ್ಲಿ ಸೋಮವಾರ ಮೀಟಿಂಗ್ ಇಟ್ಟುಕೊಳ್ಳುವ ಮೊದಲು ವಿಚಾರಿಸಿ, 2021ರಿಂದ ಅಲ್ಲಿ ಸೋಮವಾರಗಳಂದು ‘ಸಿಟ್ ಅಟ್ ಹೋಮ್’ ಎಂಬ ಬಂದ್ ನಡೆಯುತ್ತಿತ್ತು. ಪಾಸ್‌ಪೋರ್ಟ್, ಸರ್ಪ್ಯಾಕ್ ಕಾರ್ಡಿನ (ವಿದೇಶಿಯರ ವಾಸದ ಪರವಾನಗಿ) ಪ್ರತಿ ಸದಾ ಕೈಯಲ್ಲಿರಲಿ. ಪಕ್ಷದ ಟೀ ಶರ್ಟ್, ಟೋಪಿ ಯಾರು ಪ್ರೀತಿಯಿಂದ ಕೊಟ್ಟರೂ ಹಾಕಿಕೊಳ್ಳಬೇಡಿ; ಕಂಪನಿ ಗಾಡಿ ಪ್ರಚಾರಕ್ಕೆ ಹೋಗಕೂಡದು.

ಹೆಚ್ಚು ಹೊಡೆತ ಬಿದ್ದದ್ದು ಫಲಿತಾಂಶದ ನಂತರ. 2023ರ ಮೇ 29ರಂದು ಹೊಸ ಅಧ್ಯಕ್ಷ ಟಿನುಬು ಪ್ರಮಾಣವಚನದ ಭಾಷಣದಲ್ಲೇ ಪೆಟ್ರೋಲ್ ಸಬ್ಸಿಡಿ ಮುಗಿಯಿತೆಂದರು. ಅದೇ ವಾರ 200 ನೈರಾದೊಳಗಿದ್ದ ಲೀಟರ್ ಲಾಗೋಸಿನಲ್ಲಿ 488 ಆಯಿತು. ಜೂನ್‌ನಲ್ಲಿ ನೈರಾವನ್ನು ಮಾರುಕಟ್ಟೆಗೆ ಬಿಟ್ಟರು; ಡಾಲರಿಗೆ 470ರ ಆಸುಪಾಸಿದ್ದದ್ದು 2024ರ ಫೆಬ್ರವರಿ ಹೊತ್ತಿಗೆ 1500 ದಾಟಿತು. ನೈರಾದಲ್ಲಿ ಸಂಬಳವಿದ್ದವರ ಉಳಿತಾಯ ಮೂರನೇ ಒಂದು ಭಾಗಕ್ಕೆ ಇಳಿಯಿತು. ಆದ್ದರಿಂದ ಆಫರ್ ಲೆಟರಿಗೆ ಸಹಿ ಹಾಕುವ ಮೊದಲೇ ಕೇಳಿ: ಊರಿನ ಖಾತೆಗೆ ಹೋಗುವ ಸಂಬಳ ಡಾಲರಿನಲ್ಲೋ ರೂಪಾಯಿಯಲ್ಲೋ ನಿಗದಿಯಾಗಿರಬೇಕು, ಇಲ್ಲಿನ ಖರ್ಚಿಗಷ್ಟೇ ನೈರಾ. ರಜೆಯ ಟಿಕೆಟ್, ಗ್ರಾಚ್ಯುಟಿ ಯಾವ ದಿನದ, ಯಾವ ದರದಲ್ಲಿ ಲೆಕ್ಕ ಎಂಬುದನ್ನೂ ಬರವಣಿಗೆಯಲ್ಲಿ ಹಾಕಿಸಿ. ‘ಅಧಿಕೃತ ದರ’ ಎಂದಷ್ಟೇ ಬರೆದಿದ್ದರೆ ಒಪ್ಪಬೇಡಿ, ಪಾವತಿಯ ದಿನದ ದರ ಎಂದು ತಿದ್ದಿಸಿ.