ಸಾಕಿದ ಆಮೆಗೆ ಕಳ್ಳಿ: ಹಾಲಿಲ್ಲದ್ದನ್ನು ಗುರುತಿಸಿ ಹಿತ್ತಲಲ್ಲೇ ಬೆಳೆಸಿಕೊಳ್ಳುವ ಕ್ರಮ

ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಸೀಮೆಯಲ್ಲಿ ಕಳ್ಳಿಗೆ ಬರವಿಲ್ಲ. ಹೊಲದ ಬೇಲಿಯಲ್ಲಿ, ಬಂಡೆಯ ಸಂದಿನಲ್ಲಿ, ಊರ ಹೊರಗಿನ ಹಾಳು ಗೋಡೆಯ ಮೇಲೆ, ಎಲ್ಲಿ ನೋಡಿದರೂ ಅದೇ. ಆದ್ದರಿಂದ ಆಮೆ ಸಾಕಿದವರಿಗೆ ಮೇವು ಹುಡುಕುವುದು ಸುಲಭವೆಂದು ತೋರುತ್ತದೆ. ತೊಡಕು ಇರುವುದು ನಮ್ಮ ಮಾತಿನಲ್ಲಿ. ಸಂಬಂಧವೇ ಇಲ್ಲದ ಎರಡು ಕುಟುಂಬಗಳ ಗಿಡಗಳನ್ನು ನಾವು 'ಕಳ್ಳಿ' ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಅವುಗಳಲ್ಲಿ ಒಂದು ಆಮೆಗೆ ಒಳ್ಳೆಯ ಮೇವಾದರೆ ಇನ್ನೊಂದು ಅದರ ಬಾಯಿ, ಗಂಟಲು, ಕರುಳನ್ನು ಸುಡುವ ವಿಷ.

ಮೇವಿನ ಮಾತಿಗೆ ಮೊದಲು ಆಮೆಯ ಮಾತನ್ನು ಮುಗಿಸಿಬಿಡಬೇಕು. ನಮ್ಮ ದೇಶದ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅದು ಹೊಲದಲ್ಲಿ ಸಿಕ್ಕಿತೆಂದೋ ಮನೆಗೆ ಅದೃಷ್ಟವೆಂದೋ ಹೇಳಿದರೆ ಕಾನೂನು ಒಪ್ಪುವುದಿಲ್ಲ, ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಈ ಬರಹ ಆಫ್ರಿಕಾ ಮೂಲದ ಸಲ್ಕಾಟಾದಂಥ ಹುಲ್ಲು ಮೇಯುವ ವಿದೇಶಿ ನೆಲದಾಮೆಗಳನ್ನು ಇಟ್ಟುಕೊಂಡವರಿಗಾಗಿ. ಅಂಥ ಪ್ರಾಣಿಗಳನ್ನೂ 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಗಾಜಿನ ತೊಟ್ಟಿಯಲ್ಲಿ ಈಜುವ ನೀರಾಮೆಗಳ ಆಹಾರ ಬೇರೆ, ಅವುಗಳಿಗೆ ಕಳ್ಳಿಯ ಪ್ರಸ್ತಾಪವೇ ಬೇಡ.

ನಮಗೆ ಬೇಕಾದ ಗಿಡ ಪಾಪಾಸುಕಳ್ಳಿ. ಪಾಪಾಸು ಎಂದರೆ ಪಾದರಕ್ಷೆ; ಒಂದರ ಮೇಲೊಂದು ಅಂಟಿಕೊಂಡ ಅದರ ಚಪ್ಪಟೆ ಹಾಳೆಗಳನ್ನು ನೋಡಿದರೆ ಚಪ್ಪಲಿಯ ಅಟ್ಟೆಯನ್ನು ನೆನೆದು ಹೆಸರಿಟ್ಟವರ ಕಣ್ಣನ್ನು ಮೆಚ್ಚಬೇಕೆನಿಸುತ್ತದೆ. ಜನ ಎಲೆಯೆಂದು ಕರೆಯುವ ಈ ಹಾಳೆ ನಿಜವಾಗಿ ಕಾಂಡ. ಗಿಡದ ಮೂಲ ಅಮೆರಿಕ ಖಂಡ. ಬಣ್ಣ ಕೊಡುವ ಕೊಚಿನೀಲ್ ಹುಳುವನ್ನು ಸಾಕುವ ಆಸೆಯಿಂದ ಇಂಗ್ಲಿಷರ ಕಾಲದಲ್ಲಿ ಇದನ್ನು ನಮ್ಮಲ್ಲಿ ಹಬ್ಬಿಸಿದರು. ಮುಂದೆ ಅದು ಹೊಲಗದ್ದೆಗಳನ್ನೇ ನುಂಗತೊಡಗಿದಾಗ, ಅದನ್ನು ತಿನ್ನುವ ಇನ್ನೊಂದು ಜಾತಿಯ ಕೊಚಿನೀಲ್ ಹುಳುವನ್ನು 1926ರಲ್ಲಿ ಸಿಂಹಳದಿಂದ ತರಿಸಿ ದಕ್ಷಿಣ ಭಾರತದಲ್ಲಿ ಬಿಡಲಾಯಿತು. ಅಜ್ಜಂದಿರು ಹೇಳುವಷ್ಟು ಪಾಪಾಸುಕಳ್ಳಿ ಈಗ ಕಾಣಸಿಗದಿರುವುದಕ್ಕೆ ಆ ಹುಳುವೇ ಮುಖ್ಯ ಕಾರಣ.

ಈಗ ಬೇಲಿಗಳಲ್ಲಿ ಹೆಚ್ಚಾಗಿ ಕಾಣುವುದು ಹಾಲುಕ್ಕಿಸುವ ಕಳ್ಳಿಗಳು: ಮೂರು ನಾಲ್ಕು ಏಣಿನ ಕಂಬದಂತೆ ನಿಲ್ಲುವುದು ಒಂದು ಬಗೆ, ಪೆನ್ಸಿಲ್ ದಪ್ಪದ ಹಸಿರು ಕಡ್ಡಿಗಳ ಪೊದೆಯಾಗುವುದು ಇನ್ನೊಂದು. ಇವು ಯೂಫೋರ್ಬಿಯಾ ಜಾತಿಯವು. ಗುರುತಿಸುವ ವಿಧಾನ ಸರಳವಾಗಿದೆ, ಆದರೆ ಎಚ್ಚರ ಬೇಕು. ಕೈಗವಸು ಹಾಕಿಕೊಂಡು, ಮುಖವನ್ನು ದೂರವಿಟ್ಟು, ಗಿಡದ ತುದಿಯನ್ನು ಚಾಕುವಿನಿಂದ ಒಂದು ಗೀರು ಗೀರಿ ನೋಡಿ. ಪಾಪಾಸುಕಳ್ಳಿಯಾದರೆ ಬೆಂಡೆಕಾಯಿ ಹೆಚ್ಚಿದಾಗ ಬರುವಂಥ ಬಣ್ಣವಿಲ್ಲದ ಲೋಳೆ ನಿಧಾನವಾಗಿ ಒಸರುತ್ತದೆ. ಯೂಫೋರ್ಬಿಯಾ ಆದರೆ ಗೀರಿದ ಕ್ಷಣವೇ ಬಿಳಿ ಹಾಲು ಮುತ್ತುಮುತ್ತಾಗಿ ಉಕ್ಕಿ ಕೆಳಗಿಳಿಯುತ್ತದೆ. ಆ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ತಕ್ಷಣ ಧಾರಾಳವಾಗಿ ನೀರು ಹಾಕಿ ತೊಳೆದು ವೈದ್ಯರ ಬಳಿಗೆ ಹೋಗಬೇಕು. ಅದೇ ಚಾಕುವನ್ನು ತೊಳೆಯದೆ ಆಮೆಯ ಮೇವಿಗೆ ಬಳಸಲೂ ಬಾರದು.

ಹಾಲಿನ ಪರೀಕ್ಷೆಯೊಂದನ್ನೇ ನಂಬುವುದೂ ಸಾಲದು, ಏಕೆಂದರೆ ಬಿಸಿಲಿಗೆ ಬತ್ತಿದ ಯೂಫೋರ್ಬಿಯಾ ಒಮ್ಮೊಮ್ಮೆ ತಡವಾಗಿ ಹಾಲು ಬಿಡುತ್ತದೆ. ಮುಳ್ಳಿನ ಬುಡವನ್ನೂ ನೋಡಬೇಕು. ನಿಜವಾದ ಕಳ್ಳಿಯಲ್ಲಿ, ಅಂದರೆ ಪಾಪಾಸುಕಳ್ಳಿಯ ಕುಟುಂಬದಲ್ಲಿ, ಮುಳ್ಳುಗಳು ಹತ್ತಿಯಂಥ ಸಣ್ಣ ಮೆತ್ತೆಯೊಂದರಿಂದ ಹೊರಡುತ್ತವೆ, ಯೂಫೋರ್ಬಿಯಾದಲ್ಲಿ ಆ ಮೆತ್ತೆ ಇರುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಈಗ ಡ್ರ್ಯಾಗನ್ ಹಣ್ಣಿನ ತೋಟಗಳು ಎದ್ದಿರುವುದರಿಂದ ಈ ಗುರುತು ಇನ್ನಷ್ಟು ಉಪಯೋಗಕ್ಕೆ ಬರುತ್ತದೆ: ಅದರ ಮೂರೇಣಿನ ಬಳ್ಳಿಯೂ ಬೇಲಿಯ ಮೂರೇಣಿನ ಕಳ್ಳಿಯೂ ದೂರದಿಂದ ಅಣ್ಣತಮ್ಮಂದಿರಂತೆ ಕಂಡರೂ ಮೊದಲನೆಯದು ಹಾಲಿಲ್ಲದ ನಿಜವಾದ ಕಳ್ಳಿ, ಎರಡನೆಯದು ವಿಷ. ಕತ್ತಾಳೆ ಕಳ್ಳಿಯೇ ಅಲ್ಲ, ಅದರ ರಸ ಚರ್ಮಕ್ಕೆ ತುರಿಕೆ ತರುತ್ತದೆ. ಕುಂಡದಲ್ಲಿ ಅಂದಕ್ಕೆ ಬೆಳೆಸುವ ಅಡೀನಿಯಂ ಕೂಡ ವಿಷದ ಗಿಡ. ಹೆಸರು ಖಚಿತವಿಲ್ಲದ ಯಾವ ಅಲಂಕಾರದ ಕಳ್ಳಿಯನ್ನೂ ಆಮೆಯ ಮುಂದಿಡದಿರುವುದು ಕ್ಷೇಮ.

ಪಾಪಾಸುಕಳ್ಳಿಯೇ ಎಂದು ಖಚಿತವಾದ ಮೇಲೂ ಅದು ಎಲ್ಲಿ ಬೆಳೆದಿತ್ತು ಎಂಬ ಪ್ರಶ್ನೆ ಉಳಿಯುತ್ತದೆ. ಹೆದ್ದಾರಿಯ ಅಂಚಿನದು, ಅದಿರು ಲಾರಿಗಳು ಓಡಾಡುವ ರಸ್ತೆಯ ಧೂಳು ಕುಡಿದದ್ದು, ಹಿರಿಯೂರು ಹೊಸದುರ್ಗ ಕಡೆಯ ದಾಳಿಂಬೆ ತೋಟಗಳ ಬದಿಯದು, ಕಳೆನಾಶಕ ಹೊಡೆದ ಬದುವಿನದು ಬೇಡ. ಜೋಗಿಮಟ್ಟಿಯಂಥ ಕಾಯ್ದಿಟ್ಟ ಅರಣ್ಯದಿಂದ ಒಂದು ಹಾಳೆಯನ್ನೂ ಕೀಳುವಂತಿಲ್ಲ. ಇವೆಲ್ಲವನ್ನೂ ಬಿಟ್ಟರೆ ಸಿಗುವ ಗಿಡಗಳು ಕಡಿಮೆ. ಹೀಗಾಗಿ ಹೊರಗಿನಿಂದ ತರುವುದು ಬೀಜದ ಹಾಳೆ ಮಾತ್ರ, ಮೇವು ಮನೆಯಲ್ಲೇ ಬೆಳೆದದ್ದು ಎಂಬ ಕಟ್ಟುಪಾಡನ್ನು ನಾನು ಇಟ್ಟುಕೊಂಡಿದ್ದೇನೆ. ನರ್ಸರಿಯಿಂದ ತಂದ ಗಿಡಕ್ಕೆ ಕಾಂಡದೊಳಗೆ ಇಳಿಯುವ ಕೀಟನಾಶಕ ಹಾಕಿರಬಹುದು, ಅದು ತೊಳೆದರೆ ಹೋಗುವುದಿಲ್ಲ. ಅಂಥ ಗಿಡದ ಹಳೆಯ ಹಾಳೆಗಳನ್ನು ಎಂದಿಗೂ ಮೇವಿಗೆ ಹಾಕದೆ, ಅದರಲ್ಲಿ ಹೊಸದಾಗಿ ಮೂಡಿದ ಹಾಳೆಯನ್ನು ಬೇರೆ ನೆಟ್ಟು, ಆ ಎರಡನೆಯ ಪೀಳಿಗೆಯಿಂದ ಕೊಯ್ಲು ಶುರುಮಾಡಬೇಕು.

ಸಾಧ್ಯವಾದರೆ ಮುಳ್ಳಿಲ್ಲದ ತಳಿಯನ್ನೇ ಆರಿಸಿಕೊಳ್ಳಿ. ಒಣ ಪ್ರದೇಶಗಳಲ್ಲಿ ಜಾನುವಾರು ಮೇವಿಗಾಗಿ ಇದನ್ನು ಬೆಳೆಸಲು ಕೇಂದ್ರದ ಭೂಸಂಪನ್ಮೂಲ ಇಲಾಖೆ ಉತ್ತೇಜನ ಕೊಡುತ್ತಿದೆ, ಗ್ರಾಮೀಣಾಭಿವೃದ್ಧಿಗಾಗಿ ದುಡಿಯುವ ಬೈಫ್ ಸಂಸ್ಥೆಯೂ ಈ ಕೆಲಸದಲ್ಲಿ ತೊಡಗಿದೆ. ಹಾಳೆ ಎಲ್ಲಿ ಸಿಗುತ್ತದೆಂದು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಧಾರವಾಡದಲ್ಲಿರುವ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಬಹುದು. ಮುಳ್ಳಿಲ್ಲದ್ದು ಎಂದ ಮಾತ್ರಕ್ಕೆ ಬರಿಗೈಯಲ್ಲಿ ಹಿಡಿಯಬೇಡಿ. ದೊಡ್ಡ ಮುಳ್ಳು ಇಲ್ಲದಿದ್ದರೂ ಜೋಳದ ಸುಂಕಿನಂಥ ನವಿರಾದ ಮುಳ್ಳುಗಳು ಮೆತ್ತೆಗಳಲ್ಲಿ ಇರಬಹುದು.

ನೆಡುವ ಕೆಲಸದಲ್ಲಿ ಅವಸರವೇ ಶತ್ರು. ಬಲಿತ ಹಾಳೆಯನ್ನು ಗೆಣ್ಣಿನಲ್ಲೇ ಕತ್ತರಿಸಿ, ಗಾಳಿಯಾಡುವ ನೆರಳಿನಲ್ಲಿ ಹತ್ತು ಹದಿನೈದು ದಿನ ಒರಗಿಸಿಡಬೇಕು. ಕತ್ತರಿಸಿದ ಗಾಯ ಒಣಗಿ, ಬೆರಳಿನಿಂದ ಒತ್ತಿದರೆ ಹಳೆಯ ಚರ್ಮದಂತೆ ಗಟ್ಟಿಯಾಗಿರಬೇಕು. ದಾವಣಗೆರೆಯ ನಮ್ಮ ಹಿತ್ತಲು ಎರೆಮಣ್ಣಿನದು. ಮೊದಲ ವರ್ಷ ನಾನು ಹಸಿ ಗಾಯದ ಆರು ಹಾಳೆಗಳನ್ನು ಆ ಮಣ್ಣಿನಲ್ಲೇ ಆಳವಾಗಿ ಹೂತು, ದಿನಾ ಸಂಜೆ ಒಂದೊಂದು ಚೊಂಬು ನೀರು ಹಾಕಿದೆ. ಮೂರನೆಯ ವಾರ ಒಂದನ್ನು ಮುಟ್ಟಿದರೆ ಬುಡ ಕೊಳೆತ ಬಾಳೆಹಣ್ಣಿನಂತೆ ಕೈಗೆ ಬಂತು, ಉಳಿದ ಐದರ ಗತಿಯೂ ಅದೇ ಆಯಿತು. ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಳ್ಳಿಯ ಬೇರಿಗೆ ಅದು ಆಗದು. ಮರುವರ್ಷ ಇಟ್ಟಿಗೆ ಜೋಡಿಸಿ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ, ಎರಡು ಪಾಲು ಕೆಮ್ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದ ಮೇಲೆ ಒಂದು ಹಾಳೆಯೂ ಸಾಯಲಿಲ್ಲ. ಚಿತ್ರದುರ್ಗದ ಕಡೆಯ ಗರಸು ಕೆಂಪು ನೆಲದವರಿಗೆ ಈ ಪಾಡಿಲ್ಲ.

ಹಾಳೆಯ ಮೂರರಲ್ಲೊಂದು ಭಾಗ ಮಾತ್ರ ಮಣ್ಣಿನೊಳಗಿದ್ದರೆ ಸಾಕು, ಗಿಡದಿಂದ ಗಿಡಕ್ಕೆ ಎರಡೂವರೆ ಮೂರು ಅಡಿ ಅಂತರವಿರಲಿ. ನೆಟ್ಟು ಒಂದು ವಾರ ನೀರು ಕೊಡಬಾರದು, ಆಮೇಲೆ ಮಣ್ಣು ಪೂರ್ತಿ ಒಣಗಿದಾಗಲಷ್ಟೇ ಕೊಡಬೇಕು. ಈ ಭಾಗದಲ್ಲಿ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮುಂಗಾರಿನ ತೆಳು ಮಳೆಯ ಜೂನ್, ಜುಲೈನಲ್ಲಿ ನೆಟ್ಟರೆ ಹಸ್ತೆ, ಚಿತ್ತೆ ಮಳೆ ಸುರಿಯುವ ಹೊತ್ತಿಗೆ ಬೇರು ಹಿಡಿದಿರುತ್ತದೆ. ಬೇಸಿಗೆಯಲ್ಲಿ ನೆಡಲೇಬೇಕಾದರೆ ಮೊದಲ ತಿಂಗಳು ನೆರಳು ಬಲೆ ಕಟ್ಟಿ, ಇಲ್ಲವಾದರೆ ಬೇರಿಲ್ಲದ ಹಾಳೆ ಬಿಸಿಲಿಗೆ ಬೆಂದು ಹಳದಿಯಾಗುತ್ತದೆ.

ಹಾಳೆಯ ಮೇಲೆ ಹತ್ತಿ ಅಂಟಿಸಿದಂತೆ ಬಿಳಿ ಚುಕ್ಕೆ ಕಂಡು, ಒರೆಸಿದರೆ ಕುಂಕುಮದಂತೆ ಕೆಂಪು ಮೆತ್ತಿಕೊಂಡರೆ ಅದು ಕೊಚಿನೀಲ್ ಹುಳು. ನೀರಿನ ರಭಸದಿಂದ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ಹೆಚ್ಚು ಹಿಡಿದ ಹಾಳೆಯನ್ನು ಕತ್ತರಿಸಿ ಸುಟ್ಟುಬಿಡಿ. ಔಷಧಿ ಹೊಡೆಯುವುದಾದರೆ ಇಷ್ಟು ಕಷ್ಟಪಟ್ಟು ಮನೆಯಲ್ಲಿ ಬೆಳೆಸಿದ್ದಕ್ಕೆ ಅರ್ಥವೇ ಇರುವುದಿಲ್ಲ.

ಸುಮಾರು ಒಂದು ವರ್ಷ ಕಳೆದು, ಗಿಡಕ್ಕೆ ನಾಲ್ಕಾರು ಹಾಳೆ ಬಂದ ಮೇಲೆ ಕೊಯ್ಲು. ನೆಟ್ಟ ತಾಯಿ ಹಾಳೆಯನ್ನು ಮುಟ್ಟದೆ, ಅಂಗೈಯಗಲಕ್ಕೆ ಬೆಳೆದ ಎಳೆಯ ಹಾಳೆಗಳನ್ನು ಗೆಣ್ಣಿನಲ್ಲಿ ಕತ್ತರಿಸಬೇಕು. ಬೆಳಿಗ್ಗೆಗಿಂತ ಮಧ್ಯಾಹ್ನದ ಮೇಲೆ ಕೊಯ್ಯುವುದು ಒಳ್ಳೆಯದು: ಈ ಗಿಡ ರಾತ್ರಿ ಗಾಳಿಯನ್ನು ಒಳಗೆಳೆದುಕೊಂಡು ಹುಳಿಯಾಗಿ ಕೂಡಿಟ್ಟು ಹಗಲಲ್ಲಿ ಅದನ್ನು ಕರಗಿಸುತ್ತದೆ, ಹೀಗಾಗಿ ನಸುಕಿನ ಹಾಳೆ ಹೆಚ್ಚು ಹುಳಿಯಾಗಿರುತ್ತದೆ. ಆಮೇಲೆ ಇಕ್ಕಳದಲ್ಲಿ ಹಿಡಿದು, ಬದನೆಕಾಯಿ ಸುಡುವಂತೆ ಗ್ಯಾಸ್ ಉರಿಯ ಮೇಲೆ ಎರಡೂ ಮುಖ, ಅಂಚುಗಳನ್ನು ಆಡಿಸಬೇಕು. ಸುಂಕು ಚಿಟಿಚಿಟಿ ಎಂದು ಕಿಡಿಯಾಗಿ ಉರಿದುಹೋಗುತ್ತದೆ. ಹಾಳೆ ಬೇಯುವ ಮುನ್ನ ತೆಗೆದು, ನಲ್ಲಿಯ ಕೆಳಗೆ ಗಟ್ಟಿ ಬ್ರಷ್‌ನಿಂದ ಉಜ್ಜಿ, ಬೆಳಕಿಗೆ ಓರೆಯಾಗಿ ಹಿಡಿದು ಉಳಿದ ಮುಳ್ಳಿದೆಯೇ ಎಂದು ನೋಡಬೇಕು. ಕೈಗೆ ಸುಂಕು ಚುಚ್ಚಿದರೆ ಉಜ್ಜಬೇಡಿ, ಅಂಟುಪಟ್ಟಿಯನ್ನು ಒತ್ತಿ ಎಳೆಯಿರಿ.

ಕಳ್ಳಿಯಲ್ಲಿ ಸುಣ್ಣದ ಅಂಶ ಹೆಚ್ಚು, ರಂಜಕ ಕಡಿಮೆ. ಚಿಪ್ಪು ಬೆಳೆಸಿಕೊಳ್ಳಬೇಕಾದ ಪ್ರಾಣಿಗೆ ಇದು ಅನುಕೂಲ. ಆದರೆ ಹಾಳೆಯ ಹೆಚ್ಚಿನ ಪಾಲು ನೀರೇ, ಜೊತೆಗೆ ಸುಣ್ಣದ ಅಂಶ ಮೈಗೆ ಹತ್ತದಂತೆ ತಡೆಯುವ ಆಕ್ಸಲೇಟ್ ಕೂಡ ಇದೆ. ಆದ್ದರಿಂದ ಸಲ್ಕಾಟಾಕ್ಕೆ ಮುಖ್ಯ ಆಹಾರ ಗರಿಕೆ ಮತ್ತು ಒಣಹುಲ್ಲೇ ಆಗಿರಬೇಕು, ದಾಸವಾಳದ ಎಲೆ ಹೂ, ಹಿಪ್ಪುನೇರಳೆ ಸೊಪ್ಪು ಆಗಾಗ ಸೇರಲಿ. ನಮ್ಮ ಮನೆಯ ಊಟದ ತಟ್ಟೆಯಷ್ಟು ದೊಡ್ಡ ಆಮೆಗೆ ನಾನು ವಾರಕ್ಕೆ ಎರಡು ಸಲ, ಸಲಕ್ಕೆ ಒಂದು ಹಾಳೆಯಂತೆ ಹಾಕುತ್ತೇನೆ. ಮರಿಗಳಿಗೆ ಬೆರಳಗಲದ ಎರಡು ಚೂರು ಸಾಕು. ಮೊದಲ ಸಲ ಕೊಟ್ಟಾಗ ಎರಡು ದಿನ ಹಿಕ್ಕೆ ನೋಡಿ, ತೆಳ್ಳಗಾದರೆ ವಾರ ನಿಲ್ಲಿಸಿ ಅರ್ಧ ಪ್ರಮಾಣದಿಂದ ಮತ್ತೆ ಆರಂಭಿಸಿ, ಆಗಲೂ ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಿ. ಕೊಯ್ದ ಹಾಳೆ ಹೆಚ್ಚಾದರೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಬೆವೆತು ಕೊಳೆಯುತ್ತದೆ; ಈರುಳ್ಳಿ ಹರಡಿದಂತೆ ನೆರಳಲ್ಲಿ ಹರಡಿಟ್ಟರೆ ವಾರವಾದರೂ ಕೆಡುವುದಿಲ್ಲ.