ಬಿರಿಯಾನಿ ಬಿಟ್ಟು ಬಗಾರಾ ಖಾನಾ: ನಾನು ಮಾಡಿದ ಮೊದಲ ಈದ್ ಅಡುಗೆ

2025ರಲ್ಲಿ ಯುಗಾದಿ ಬಂದದ್ದು ಮಾರ್ಚ್ 30ರ ಭಾನುವಾರ. ನಮಗೆ ಅವತ್ತು ರಂಜಾನಿನ 29ನೇ ರೋಜಾ, ಅಂದರೆ ಉಪವಾಸ. ಸಂಜೆ ಚಂದ್ರ ಕಂಡರೆ ಸೋಮವಾರ ಈದ್, ಕಾಣದಿದ್ದರೆ ಮಂಗಳವಾರ. ಅತ್ತ ನಮ್ಮ ಹಾಸನದ ಕಡೆ ಯುಗಾದಿಯ ಮರುದಿನ ಹೊಸತೊಡಕು, ಊರಿಗೆ ಊರೇ ಮಟನ್ ಅಂಗಡಿ ಮುಂದೆ ನಿಲ್ಲುವ ದಿನ. ಇಂಥ ವರ್ಷವೇ ಹಬ್ಬದಡುಗೆ ನನ್ನ ಪಾಲಿಗೆ ಬಂತು. ಅಮ್ಮಿ ನನ್ನ ಅಕ್ಕನ ಬಾಣಂತನಕ್ಕೆ ಅಂತ ಶಿವಮೊಗ್ಗಕ್ಕೆ ಹೋಗಿದ್ದರು. ಮನೆಯಲ್ಲಿ ಅಬ್ಬಾ, ನಾನು, ಕಾಲೇಜಿಗೆ ಹೋಗುವ ತಮ್ಮ. ನನಗೆ ಬರುತ್ತಿದ್ದದ್ದು ಅನ್ನ, ಬೇಳೆಸಾರು, ಆಮ್ಲೆಟ್. ಊಟಕ್ಕೆ ಬರುವವರು ಇಪ್ಪತ್ತೈದರ ಆಸುಪಾಸು.

ಈದ್ ಅಂದರೆ ಎಲ್ಲರಿಗೂ ಬಿರಿಯಾನಿಯೇ. ನಾನು ಅದನ್ನೇ ಕೈಬಿಟ್ಟೆ. ಪಕ್ಕದ ಮನೆ ಗೌಡರನ್ನು ಊಟಕ್ಕೆ ಕರೆದಾಗ, "ಸೋಮವಾರವೇ ಹಬ್ಬ ಬಂದ್ರೆ ನಾವು ಬಾಡು ಮುಟ್ಟಲ್ಲ ಕಣಪ್ಪ. ನಮ್ಮ ತೊಡಕನ್ನೂ ಮಂಗಳವಾರಕ್ಕೇ ಇಟ್ಕೊಂಡಿದೀವಿ" ಅಂದರು. ಆಫೀಸಿನಿಂದ ಬರುವವರಲ್ಲಿ ಇಬ್ಬರು ಮೊದಲಿನಿಂದಲೂ ಸಸ್ಯಾಹಾರಿಗಳು. ಬಿರಿಯಾನಿ ಮಾಡಿದರೆ ಹತ್ತು ಜನರಿಗೆ ಬೇರೆಯೇ ಅನ್ನ ಮಾಡಬೇಕು, ಅವರನ್ನು ಒಂದು ಮೂಲೆಯಲ್ಲಿ ಕೂರಿಸಿ ಬಡಿಸಬೇಕು. ಹಬ್ಬಕ್ಕೆ ಕರೆದು ಹಾಗೆ ಮಾಡುವುದು ನನಗೆ ಸರಿ ಕಾಣಲಿಲ್ಲ. ಎಲ್ಲರಿಗೂ ಒಂದೇ ಅನ್ನ, ಬಗಾರಾ ಖಾನಾ, ಅಂದರೆ ಮಾಂಸವಿಲ್ಲದ ಮಸಾಲೆ ಅನ್ನ. ತಿನ್ನುವವರಿಗೆ ಮಟನ್ ಕುರ್ಮಾ, ಸೋಮವಾರದವರಿಗೆ ದಾಲ್ಚಾ (ಬೇಳೆ, ಸೋರೆಕಾಯಿಯ ಹುಳಿ ಸಾರು) ಮತ್ತು ಬದನೆಕಾಯಿ. ಕೊನೆಗೆ ಹಾಲು, ಶಾವಿಗೆ, ಉತ್ತತ್ತಿಯ ಸಿಹಿ ಶೀರ್ ಖುರ್ಮಾ, ಅದು ಹೇಗೂ ಎಲ್ಲರಿಗೂ ಆಗುತ್ತೆ.

"ಈದ್ ದಿನ ಬಿರಿಯಾನಿ ಇಲ್ವಾ?" ಅಂತ ಅಬ್ಬಾ ಮುಖ ಸಣ್ಣದು ಮಾಡಿದರು. ಅಮ್ಮಿ ಫೋನಲ್ಲೇ ನನ್ನ ಪರ ನಿಂತರು. ಅವರ ಲೆಕ್ಕ ಬೇರೆ: ಬಿರಿಯಾನಿಯನ್ನು ಮುಚ್ಚಳ ಬಿಗಿದು ದಮ್‌ಗೆ ಹಾಕಿದ ಮೇಲೆ ಒಳಗೆ ಏನಾಗುತ್ತಿದೆ ಅಂತ ಹೊಸಬರಿಗೆ ತಿಳಿಯೋದಿಲ್ಲ. ಮಾಂಸ ಬೇಯುವಷ್ಟರಲ್ಲಿ ಅನ್ನ ಮುದ್ದೆಯಾಗಬಹುದು, ಅನ್ನ ಸರಿಯಾದರೆ ಮಾಂಸ ಗಟ್ಟಿ ಉಳಿಯಬಹುದು. ಎರಡನ್ನೂ ಬೇರೆ ಬೇರೆ ಬೇಯಿಸಿದರೆ ಒಂದರ ಎಡವಟ್ಟು ಇನ್ನೊಂದಕ್ಕೆ ತಗಲುವುದಿಲ್ಲ.

ಚಂದ್ರನ ವಿಷಯ ಸಂಜೆವರೆಗೂ ಖಾತ್ರಿಯಿಲ್ಲದ್ದರಿಂದ ದಿನಸಿಯನ್ನು ವಾರದ ಮೊದಲೇ ಕಟ್ಟಿನಕೆರೆ ಮಾರುಕಟ್ಟೆಯ ಕಡೆಯಿಂದ ತಂದಿಟ್ಟಿದ್ದೆ. ತಲೆಗೆ 100ರಿಂದ 125 ಗ್ರಾಂ ಅಕ್ಕಿ ಅಂತ 3 ಕೆಜಿ ಬಾಸ್ಮತಿ. ಮೂಳೆ ಸಮೇತ ಮಟನ್ ತಿನ್ನುವವರ ತಲೆಗೆ 200 ಗ್ರಾಂ, ಒಟ್ಟು 3 ಕೆಜಿ. ಮಟನ್ ಅಂಗಡಿಯವರಿಗೆ "ಸೋಮವಾರ ಅಥವಾ ಮಂಗಳವಾರ, ಚಂದ್ರ ನೋಡಿಕೊಂಡು" ಅಂತ ಮುಂಚೆಯೇ ಹೇಳಿದ್ದೆ. ಮುಂದಿನ ಕಾಲು ಮತ್ತು ಎದೆ ಭಾಗ ಕೇಳಿದೆ. ನಿಧಾನವಾಗಿ ಬೇಯುವ ಅಡುಗೆಗೆ ಬರೀ ತೊಡೆಯ ಮೆತ್ತನೆ ತುಂಡಿಗಿಂತ ಮೂಳೆ, ಕೊಬ್ಬು ಇರುವ ತುಂಡು ರುಚಿ. ಹೀಗೆ ಹೇಳಿಟ್ಟಿದ್ದರಿಂದ ನಸುಕಿನ ಸಾಲಿನಲ್ಲಿ ನಿಲ್ಲುವುದು ತಪ್ಪಿತು.

ಚಂದ್ರ ಕಂಡ ಸುದ್ದಿ ಬಂತು. ಸೂರ್ಯಾಸ್ತದ ಮಗ್ರಿಬ್ ನಮಾಜ್ ಮುಗಿಸಿ ಕೂತವರು ರಾತ್ರಿ ಮಾಡಿದ ಕೆಲಸವೇ ಮರುದಿನ ನಮ್ಮನ್ನು ಕಾಪಾಡಿದ್ದು. ತಮ್ಮ ಅಳುತ್ತಾ ಈರುಳ್ಳಿ ಹೆಚ್ಚಿದ, ನಾನು ಕರಿದೆ. ತೆಳ್ಳಗೆ ಒಂದೇ ಸಮ ಹೆಚ್ಚಿರಬೇಕು, ಇಲ್ಲದಿದ್ದರೆ ಅರ್ಧ ಸೀಯುತ್ತೆ, ಅರ್ಧ ಹಸಿ ಉಳಿಯುತ್ತೆ. ತಿಳಿ ಹೊಂಬಣ್ಣಕ್ಕೆ ಬಂದಾಗಲೇ ತೆಗೆದುಬಿಡಿ. ಎಣ್ಣೆಯಿಂದ ಹೊರಬಂದ ಮೇಲೂ ಅದರ ಬಣ್ಣ ಏರುತ್ತಲೇ ಇರುತ್ತೆ. ಪೇಪರ್ ಮೇಲೆ ಹರಡಿದರೆ ಗರಿಗರಿಯಾಗುತ್ತೆ. ಶುಂಠಿ ಬೆಳ್ಳುಳ್ಳಿ ಮನೆಯಲ್ಲೇ ರುಬ್ಬಿದೆ. ಶುಂಠಿ ಬೆಳೆಯುವ ಜಿಲ್ಲೆಯಲ್ಲಿ ಇದ್ದುಕೊಂಡು ಪ್ಯಾಕೆಟ್ ಪೇಸ್ಟ್ ತರುವುದು ನನಗಂತೂ ಒಪ್ಪಿಗೆಯಿಲ್ಲ. ಅದೂ ಅಲ್ಲದೆ ಹಸಿ ಶುಂಠಿಗೆ ಮಾಂಸ ಮೆತ್ತಗಾಗಿಸುವ ಗುಣವಿದೆ. ಉತ್ತತ್ತಿ, ಬಾದಾಮಿ ನೆನೆಹಾಕಿದೆ, ಶಾವಿಗೆ ತುಪ್ಪದಲ್ಲಿ ಹುರಿದು ಡಬ್ಬಿಗೆ ಹಾಕಿದೆ.

ಬೆಳಿಗ್ಗೆ ಮಟನ್ ಒಳಗೆ ಬರುವ ಮೊದಲೇ ದಾಲ್ಚಾ, ಬದನೆಕಾಯಿ ಮುಗಿಸಬೇಕು ಅಂತ ತೀರ್ಮಾನಿಸಿದ್ದೆ. ಇದಕ್ಕೆ ಪಾತ್ರೆ ಕೊಟ್ಟವರು ಗೌಡರ ಮನೆ ಆಂಟಿಯೇ. "ನಮ್ಮ ಪಾತ್ರೇಲೇ ಮಾಡಪ್ಪ, ಸೌಟೂ ತಗೊಂಡು ಹೋಗು. ಆಗ ಯಾರೂ ಏನೂ ಕೇಳಲ್ಲ" ಅಂದರು. ದಾಲ್ಚಾಗೆ ಸಾಮಾನ್ಯವಾಗಿ ಮಟನ್ ಮೂಳೆ ಬೀಳುತ್ತೆ. ಅದಿಲ್ಲದೆ ರುಚಿ ಬರಲು ಸೋರೆಕಾಯಿಯನ್ನು ಎಣ್ಣೆಯಲ್ಲಿ ಬಾಡಿಸಿ, ಒಗ್ಗರಣೆಗೆ ಪುದೀನ ಸ್ವಲ್ಪ ಧಾರಾಳವಾಗಿ ಹಾಕಿದೆ. ಬೇಳೆ ಪೂರ್ತಿ ಬೆಂದ ಮೇಲಷ್ಟೇ ಹುಣಸೆರಸ. ಹುಳಿ ಮೊದಲೇ ಬಿದ್ದರೆ ಬೇಳೆ ಮೆತ್ತಗಾಗಲು ಹಟ ಮಾಡುತ್ತೆ. ಇನ್ನೊಂದು ವಿಷಯ: ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಹತ್ತಿರ. ಕರಾವಳಿಯವರ ವಿಡಿಯೋದಲ್ಲಿ ಹೇಳಿದ ನಿಮಿಷಗಳನ್ನು ತೆರೆದ ಪಾತ್ರೆಗೆ ಹಾಗೇ ನಂಬಬೇಡಿ. ಬೇಳೆಗೂ ಮಾಂಸಕ್ಕೂ ಕುಕ್ಕರ್ ಇಟ್ಟರೆ ಈ ತಲೆನೋವಿಲ್ಲ. ಬದನೆಕಾಯಿಗೆ ಕಡಲೆಕಾಯಿ, ಎಳ್ಳು, ಒಣಕೊಬ್ಬರಿ ಹುರಿದು ರುಬ್ಬಿದ ಮಸಾಲೆ. ನಮ್ಮ ಎಣ್ಣೆಗಾಯಿ ಗೊತ್ತಿದ್ದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಕುರ್ಮಾದಲ್ಲಿ ಹೆದರಿಸುವುದು ಮೊಸರು ಒಂದೇ. ಚೆನ್ನಾಗಿ ಕಡೆದು, ಉರಿ ಸಣ್ಣ ಮಾಡಿ, ಸೌಟು ಸೌಟಾಗಿ ಹಾಕುತ್ತಾ ಕೈಯಾಡಿಸಿದರೆ ಒಡೆಯುವುದಿಲ್ಲ. ಗೋಡಂಬಿ, ಗಸಗಸೆ ರುಬ್ಬಿದ್ದು, ಕರಿದ ಈರುಳ್ಳಿ ಪುಡಿಮಾಡಿದ್ದು, ಸಕಲೇಶಪುರದ ಏಲಕ್ಕಿ. ನಾಲ್ಕೈದು ಕೂಗಿನ ನಂತರ ಮುಚ್ಚಳ ತೆಗೆದು ಎಣ್ಣೆ ಮೇಲೆ ತೇಲುವವರೆಗೂ ಸಣ್ಣ ಉರಿಯಲ್ಲಿ ಬಿಟ್ಟೆ.

ಅದನ್ನು ತಮ್ಮನ ಸುಪರ್ದಿಗೆ ಕೊಟ್ಟು ಪಕ್ಕದ ಒಲೆಯಲ್ಲಿ ಶೀರ್ ಖುರ್ಮಾಗೆ ಹಾಲಿಟ್ಟೆ. 3 ಲೀಟರ್ ಗಟ್ಟಿ ಹಾಲು, ಕಾಲುಭಾಗ ಇಂಗುವವರೆಗೆ. ಅದಕ್ಕೆ ಶಾವಿಗೆ ಬರೀ ಒಂದೂವರೆ ಹಿಡಿ. ನೋಡಲು ಕಡಿಮೆ ಅನ್ನಿಸುತ್ತೆ, ಆದರೆ ಗಂಟೆ ಕಳೆದರೆ ಅದೇ ಉಬ್ಬಿ ಪಾತ್ರೆ ತುಂಬುತ್ತೆ. ಇದು ಕುಡಿಯುವ ಹಾಗಿರಬೇಕು, ಪಾಯಸದ ಹಾಗಲ್ಲ. ಶಾವಿಗೆ ಬೆಂದ ಮೇಲೆ ಸಕ್ಕರೆ. ಈದ್ಗಾಕ್ಕೆ ಹೊರಡುವ ಮುಂಚೆ ಖರ್ಜೂರ ತಿನ್ನುವುದು ಸುನ್ನತ್ (ಪ್ರವಾದಿಯವರ ರೂಢಿ), ಬಡವರಿಗೆ ಕೊಡುವ ಫಿತ್ರಾ ದಾನ ಕೂಡ ನಮಾಜಿಗೆ ಮೊದಲೇ ಮುಟ್ಟಬೇಕು. ಅಬ್ಬಾ ಫಿತ್ರಾ ಕೊಡುವ ಕೆಲಸ ಹಿಂದಿನ ರಾತ್ರಿಯೇ ಮುಗಿಸಿದ್ದರು. ಮೂರು ಒಲೆಯನ್ನೂ ಆರಿಸಿ ಎಲ್ಲರೂ ಹೊರಟೆವು.

ಅನ್ನ ಮಾತ್ರ ವಾಪಸ್ ಬಂದ ಮೇಲೆ. ಇಲ್ಲಿ ನಾನು ಅಮ್ಮಿಯನ್ನು ವಿಡಿಯೋ ಕಾಲ್‌ನಲ್ಲಿ ಸ್ಟ್ಯಾಂಡಿಗೆ ಒರಗಿಸಿ ನಿಲ್ಲಿಸಿಕೊಂಡಿದ್ದೆ. 3 ಕೆಜಿ ಒಂದೇ ದೇಗ್ಚಿಗೆ ಹಾಕಿದರೆ ಕೆಳಗಿನ ಅನ್ನ ಮೇಲಿನ ಭಾರಕ್ಕೆ ಹಿಸುಕುತ್ತೆ. ಹಾಗಾಗಿ ಎರಡು ದೇಗ್ಚಿ, ಒಂದೊಂದರಲ್ಲಿ ಒಂದೂವರೆ ಕೆಜಿ. ಅರ್ಧ ಗಂಟೆ ನೆನೆಸಿದ ಬಾಸ್ಮತಿಗೆ ಮನೆ ಅಳತೆ ಪಾವಿಗೆ ಒಂದೂವರೆ ಪಾವು ನೀರು. ಆದರೆ ಅಕ್ಕಿ ಹೆಚ್ಚಿದ ಹಾಗೆ ನೀರನ್ನು ಅದೇ ಲೆಕ್ಕದಲ್ಲಿ ಏರಿಸಬಾರದು, ಯಾಕೆಂದರೆ ದೊಡ್ಡ ಪಾತ್ರೆಯಲ್ಲಿ ಆವಿಯಾಗಿ ಹೋಗುವ ನೀರಿನ ಪಾಲು ಕಡಿಮೆ. "ಒಂದು ಲೋಟ ಕಮ್ಮಿ ಹಾಕು ಬೇಟಾ" ಅಂದರು ಅಮ್ಮಿ. ತುಪ್ಪ, ಎಣ್ಣೆ, ಚಕ್ಕೆ, ಲವಂಗ, ಏಲಕ್ಕಿ, ಶಾಹಿ ಜೀರಾ. ಈರುಳ್ಳಿ ಕೆಂಪಾದ ಮೇಲೆ ಶುಂಠಿ ಬೆಳ್ಳುಳ್ಳಿ, ಸೀಳಿದ ಹಸಿಮೆಣಸಿನಕಾಯಿ, ಪುದೀನ, ಎರಡು ಸೌಟು ಮೊಸರು. ನೀರು ಕುದಿ ಬಂದಾಗ ಬಾಯಿಗೆ ಹಾಕಿ ನೋಡಿದರೆ ಉಪ್ಪು ಒಂಚೂರು ಮುಂದಿರಬೇಕು. ಅಕ್ಕಿ ಹಾಕಿದ ಮೇಲೆ ಸೌಟು ಆಡಿಸಿದಷ್ಟೂ ಕಾಳು ಮುರಿಯುತ್ತೆ. ನೀರು ಅಕ್ಕಿಯ ಮಟ್ಟಕ್ಕೆ ಇಳಿದಾಗ ಕೆಳಗೆ ಹಂಚು ಇಟ್ಟು, ಮುಚ್ಚಳದ ಮೇಲೆ ನೀರು ತುಂಬಿದ ಪಾತ್ರೆ ಹೇರಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಆರಿಸಿದ ಮೇಲೆ ಹತ್ತು ನಿಮಿಷ ಮುಟ್ಟಬಾರದು. ನನ್ನ ಪ್ರಕಾರ ಇಡೀ ಅಡುಗೆಯಲ್ಲಿ ಕಷ್ಟದ್ದು ಈ ಹತ್ತು ನಿಮಿಷವೇ. ಹೊರಗೆ ಚಪ್ಪಲಿ ಬಿಡುವ ಸದ್ದು ಕೇಳುತ್ತಿತ್ತು, ಅಬ್ಬಾ ಎರಡು ಸಲ ಇಣುಕಿ ಹೋದರು.

ಬಡಿಸುವಾಗ ಅನ್ನದ ತಟ್ಟೆ ಎಲ್ಲರ ಮಧ್ಯೆ ಒಂದೇ, ಕುರ್ಮಾ ಒಂದು ಕಡೆಯಿಂದ, ದಾಲ್ಚಾ ಇನ್ನೊಂದು ಕಡೆಯಿಂದ. ಸೌಟು ಬದಲಾಗದಂತೆ ನೋಡಿಕೊಳ್ಳಲು ತಮ್ಮನನ್ನು ದಾಲ್ಚಾ ಹತ್ತಿರವೇ ನಿಲ್ಲಿಸಿದ್ದೆ. ಆಂಟಿ ಬರುವಾಗ ಯುಗಾದಿಯ ಒಬ್ಬಟ್ಟು ತಂದಿದ್ದರು. ಅಬ್ಬಾ ಅದನ್ನು ಶೀರ್ ಖುರ್ಮಾದಲ್ಲಿ ಅದ್ದಿ ತಿಂದು ಬಿರಿಯಾನಿ ಸುದ್ದಿ ಎತ್ತಲೇ ಇಲ್ಲ. ಮೊದಲು ಖಾಲಿಯಾದದ್ದು ದಾಲ್ಚಾ, ಮಟನ್ ತಿನ್ನುವವರೂ ಅದನ್ನೇ ಕೇಳಿ ಹಾಕಿಸಿಕೊಂಡರು. ಮುಂದೆ ಮಾಡುವವರು ಅದನ್ನು ಎಲ್ಲರ ಲೆಕ್ಕಕ್ಕೂ ಸೇರಿಸಿಯೇ ಮಾಡಿ.

ಕುರ್ಮಾ ಉಳಿಯಿತು. ಮಾರ್ಚ್ ಕೊನೆಯ ಸೆಕೆಗೆ ಹೊರಗಿಡುವ ಧೈರ್ಯ ಮಾಡದೆ, ಅಗಲ ಪಾತ್ರೆಗೆ ಸುರಿದು ಬೇಗ ಆರಿಸಿ ಫ್ರಿಜ್ಜಿಗೆ ಹಾಕಿದೆ. ಮಂಗಳವಾರ ಚೆನ್ನಾಗಿ ಕುದಿಸಿ ಗೌಡರ ಮನೆಗೆ ಒಂದು ಡಬ್ಬಿ ಕೊಟ್ಟು ಬಂದೆ. ಸಂಜೆ ಕಾಂಪೌಂಡಿನ ಆಚೆಯಿಂದಲೇ ಕೂಗಿದರು: "ಚೆನ್ನಾಗಿತ್ತು ಕಣಪ್ಪ, ಮೆಣಸು ಇನ್ನೊಂದು ಚೂರು ಬೀಳ್ಬೇಕಿತ್ತು."