ಲೂಪ್ ಬಿಟ್ಟು ವೆಕ್ಟರ್ ಹಿಡಿಯುವುದು ಹೇಗೆ?

ತಾಪಮಾನದ ಹತ್ತು ಲಕ್ಷ ದಾಖಲೆಗಳು ಫ್ಯಾರನ್‌ಹೀಟ್‌ನಲ್ಲಿವೆ, ಅವನ್ನು ಸೆಲ್ಸಿಯಸ್‌ಗೆ ಬದಲಾಯಿಸಬೇಕು ಎಂದುಕೊಳ್ಳಿ. ಸಿ ಅಥವಾ ಜಾವಾ ಕಲಿತು, ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬಂದವರು ಯೋಚಿಸದೆಯೇ ಫಾರ್ ಲೂಪ್ (ಒಂದೇ ಕೆಲಸವನ್ನು ಸುತ್ತುಸುತ್ತಾಗಿ ಮಾಡಿಸುವ ಆದೇಶ) ಬರೆಯುತ್ತಾರೆ: ಮೊದಲ ಸಂಖ್ಯೆ ತೆಗೆದುಕೊ, 32 ಕಳೆ, 5ರಿಂದ ಗುಣಿಸಿ 9ರಿಂದ ಭಾಗಿಸು, ಮುಂದಿನದಕ್ಕೆ ಹೋಗು. ಉತ್ತರವೇನೋ ಸರಿಯಾಗಿಯೇ ಬರುತ್ತದೆ. ಆದರೆ ಇಲ್ಲಿ ಲೂಪ್ ಬೇಕಾಗಿಯೇ ಇಲ್ಲ. ದಾಖಲೆಗಳ ವೆಕ್ಟರಿನ (ಒಂದೇ ಬಗೆಯ ಬೆಲೆಗಳ ಸರಣಿಯ) ಹೆಸರಿಗೇ ಈ ಲೆಕ್ಕವನ್ನು ಅನ್ವಯಿಸಿದರೆ ಒಂದೇ ಸಾಲಿನಲ್ಲಿ ಹತ್ತು ಲಕ್ಷ ಉತ್ತರಗಳೂ ಸಿಗುತ್ತವೆ.

ಆರ್‌ನಲ್ಲಿ ಒಂಟಿ ಸಂಖ್ಯೆ ಎಂಬುದೇ ಇಲ್ಲ. 32 ಎಂದು ಬರೆದರೂ ಅದು ಉದ್ದ 1 ಇರುವ ವೆಕ್ಟರ್. ಲೂಪಿನ ಪ್ರತಿ ಸುತ್ತಿನಲ್ಲಿಯೂ ಆರ್ 'ಈ ಹೆಸರಿನಲ್ಲಿ ಏನಿದೆ, ಯಾವ ಬಗೆಯದು, ಯಾವ ಕ್ರಿಯೆ ನಡೆಸಬೇಕು' ಎಂದು ಹೊಸದಾಗಿ ವಿಚಾರಿಸುತ್ತದೆ. ಇಡೀ ವೆಕ್ಟರನ್ನು ಒಪ್ಪಿಸಿದರೆ ಈ ವಿಚಾರಣೆ ಒಮ್ಮೆ ಮಾತ್ರ. ಉಳಿದ ಸುತ್ತುಗಳೆಲ್ಲ ಸಿ ಭಾಷೆಯಲ್ಲಿ ಬರೆದು ಮೊದಲೇ ಕಂಪೈಲ್ ಮಾಡಿಟ್ಟ (ಯಂತ್ರದ ಭಾಷೆಗೆ ಬದಲಿಸಿಟ್ಟ) ಕೋಡ್‌ನೊಳಗೆ ನಡೆಯುತ್ತವೆ. 2017ರಲ್ಲಿ ಬಂದ 3.4 ಆವೃತ್ತಿಯಿಂದ ಆರ್ ಲೂಪುಗಳನ್ನು ತಾನಾಗಿಯೇ ಬೈಟ್‌ಕೋಡ್ ಎಂಬ, ಬೇಗ ಓಡುವ ನಡುವಣ ರೂಪಕ್ಕೆ ಪರಿವರ್ತಿಸುವುದರಿಂದ ಅಂತರ ಕಡಿಮೆಯಾಗಿದೆ, ಅಳಿದಿಲ್ಲ.

ಮೊದಲ ಹೆಜ್ಜೆ ಅಳತೆ. ನಿಧಾನವಾಗಿರುವುದು ನಿಜವಾಗಿಯೂ ಲೂಪೇ, ಅಥವಾ ಫೈಲ್ ಓದುವ ಕೆಲಸವೇ? ಸಿಸ್ಟಮ್ ಡಾಟ್ ಟೈಮ್ ಎಂಬ ಫಂಕ್ಷನ್ನಿನೊಳಗೆ ಆ ಭಾಗವನ್ನು ಹಾಕಿ ಓಡಿಸಿದರೆ ಹಿಡಿದ ಸಮಯ ತಿಳಿಯುತ್ತದೆ.

ಲೂಪೇ ತಪ್ಪಿತಸ್ಥ ಎಂದು ಗೊತ್ತಾದರೂ ಅದನ್ನು ಕಿತ್ತೊಗೆಯುವ ಮೊದಲು, ಉತ್ತರವನ್ನು ಅದು ಎಲ್ಲಿ ಇಡುತ್ತಿದೆ ಎಂದು ನೋಡಿ. ಖಾಲಿ ವೆಕ್ಟರಿನಿಂದ ಆರಂಭಿಸಿ, ಪ್ರತಿ ಸುತ್ತಿನಲ್ಲಿ ಹಳೆಯದರ ಬಾಲಕ್ಕೆ ಹೊಸ ಸಂಖ್ಯೆಯನ್ನು ಆರ್‌ನದೇ 'ಸಿ' ಎಂಬ ಫಂಕ್ಷನ್ನಿನಿಂದ (ಇದು ಸಿ ಭಾಷೆಯಲ್ಲ) ಜೋಡಿಸುವುದು ತುಂಬ ಸಾಮಾನ್ಯವಾದ ಅಭ್ಯಾಸ. ಹೀಗೆ ಜೋಡಿಸಿದಾಗಲೆಲ್ಲ ಆರ್ ಹಳೆಯದನ್ನು ಪೂರ್ತಿ ನಕಲು ಮಾಡುತ್ತದೆ. ಒಂದು ಲಕ್ಷ ಸಂಖ್ಯೆಗಳಿಗೆ ಸುಮಾರು 500 ಕೋಟಿ ನಕಲು! ನ್ಯೂಮೆರಿಕ್ ಫಂಕ್ಷನ್ನಿನಿಂದ ಬೇಕಾದಷ್ಟು ಉದ್ದದ ವೆಕ್ಟರನ್ನು ಮೊದಲೇ ಕಾದಿರಿಸಿ, ಲೂಪ್ ಅದನ್ನು ತುಂಬುತ್ತಾ ಹೋಗಲಿ. 'ಲೂಪ್ ನಿಧಾನ' ಎಂಬ ದೂರುಗಳಲ್ಲಿ ಬಹುಪಾಲು ಇಲ್ಲಿಯೇ ಮುಗಿಯುತ್ತವೆ ಎಂಬುದು ನನ್ನ ಅನಿಸಿಕೆ.

ಮುಂದಿನದು ಮುಖ್ಯ ಪ್ರಶ್ನೆ: ಈ ಸುತ್ತಿಗೆ ಹಿಂದಿನ ಸುತ್ತಿನ ಉತ್ತರ ಬೇಕೇ? ಬೇಡವಾದರೆ ಲೂಪನ್ನು ಧೈರ್ಯವಾಗಿ ತೆಗೆಯಬಹುದು. ತಾಪಮಾನದ ಪರಿವರ್ತನೆ ಈ ಜಾತಿಯದು. 40 ಡಿಗ್ರಿ ದಾಟಿದ ದಾಖಲೆಗಳೆಷ್ಟು ಎಂಬ ಎಣಿಕೆಯೂ ಅಷ್ಟೇ. ಷರತ್ತು ನೋಡುವ ಇಫ್ ಹಾಕಿ ಒಂದೊಂದನ್ನೇ ಎಣಿಸಬೇಕಿಲ್ಲ. ವೆಕ್ಟರನ್ನು 40ರೊಂದಿಗೆ ಹೋಲಿಸಿದರೆ ಸರಿ–ತಪ್ಪುಗಳ ವೆಕ್ಟರ್ ಬರುತ್ತದೆ. ಸರಿಗೆ 1, ತಪ್ಪಿಗೆ 0 ಬೆಲೆ. ಅದರ ಮೊತ್ತವೇ ಎಣಿಕೆ, ಅದರ ಸರಾಸರಿಯೇ ಪ್ರಮಾಣ. ಅದೇ ಸರಿ–ತಪ್ಪುಗಳನ್ನು ಚೌಕ ಆವರಣದೊಳಗೆ ಇಟ್ಟರೆ 40 ದಾಟಿದ ದಾಖಲೆಗಳಷ್ಟೇ ಹೊರಬರುತ್ತವೆ. ಇಡೀ ವೆಕ್ಟರೀಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ತಂತ್ರವಿದು.

ಷರತ್ತಿಗೆ ತಕ್ಕಂತೆ ಎರಡು ಬಗೆಯ ಉತ್ತರ ಬೇಕಿದ್ದರೆ ಇಫ್‌ಎಲ್ಸ್ ಇದೆ. ಇಫ್ ಬೇರೆ, ಇಫ್‌ಎಲ್ಸ್ ಬೇರೆ. ಇಫ್‌ಗೆ ಒಂದಕ್ಕಿಂತ ಹೆಚ್ಚು ಸರಿ–ತಪ್ಪುಗಳನ್ನು ಕೊಟ್ಟರೆ 2022ರ 4.2 ಆವೃತ್ತಿಯಿಂದ ಈಚೆಗೆ ಆರ್ ದೋಷವೆಂದು ನಿಂತುಬಿಡುತ್ತದೆ. ಇಫ್‌ಎಲ್ಸ್‌ಗೂ ಅದರದೇ ವಕ್ರಗಳಿವೆ. ಧನಸಂಖ್ಯೆಗೆ ಮಾತ್ರ ಲಾಗ್, ಉಳಿದವಕ್ಕೆ ಸೊನ್ನೆ ಎಂದು ಬರೆದರೂ ಅದು ಋಣಸಂಖ್ಯೆಗಳ ಲಾಗನ್ನೂ ಲೆಕ್ಕ ಹಾಕಿ ಎಚ್ಚರಿಕೆಯ ಸಂದೇಶ ಕೊಡುತ್ತದೆ. ದಿನಾಂಕಗಳನ್ನು ಕೊಟ್ಟರಂತೂ ದಿನಾಂಕದ ಗುರುತನ್ನು ಕಳಚಿ ಬರಿಯ ಸಂಖ್ಯೆಗಳನ್ನು ಹಿಂದಿರುಗಿಸುತ್ತದೆ.

ಹಿಂದಿನ ಸುತ್ತಿನ ಉತ್ತರ ಬೇಕೇಬೇಕು ಎಂದಾದರೆ ಸಿದ್ಧ ಫಂಕ್ಷನ್ ಇದೆಯೇ ಹುಡುಕಿ. ಕೂಡುತ್ತಾ ಹೋಗುವ ಮೊತ್ತಕ್ಕೆ ಕ್ಯುಮ್‌ಸಮ್, ಗುಣಿಸುತ್ತಾ ಹೋಗುವುದಕ್ಕೆ ಕ್ಯುಮ್‌ಪ್ರಾಡ್, ಈವರೆಗಿನ ಗರಿಷ್ಠಕ್ಕೆ ಕ್ಯುಮ್‌ಮ್ಯಾಕ್ಸ್, ಪಕ್ಕಪಕ್ಕದ ದಾಖಲೆಗಳ ವ್ಯತ್ಯಾಸಕ್ಕೆ ಡಿಫ್. ಮ್ಯಾಟ್ರಿಕ್ಸ್‌ನ ಸಾಲುಗಳನ್ನು ಕೂಡಲು ರೋಸಮ್ಸ್, ಕಂಬಗಳಿಗೆ ಕಾಲ್‌ಸಮ್ಸ್. ಇವು ಯಾವುದಕ್ಕೂ ಒಗ್ಗದ, ಹಂತಹಂತಕ್ಕೂ ದಾರಿ ಬದಲಿಸುವ ಸಿಮ್ಯುಲೇಶನ್ ನಿಮ್ಮದಾದರೆ ಲೂಪ್ ಇರಲಿ. ಅದನ್ನು ಎಸ್‌ಅಪ್ಲೈ ಎಂಬ ಫಂಕ್ಷನ್ನಿಗೆ ತುರುಕುವುದರಿಂದ ವೇಗದ ಲಾಭ ಹೆಚ್ಚೇನೂ ಇಲ್ಲ. ಎಸ್‌ಅಪ್ಲೈ ಕೂಡ ನಿಮ್ಮ ಫಂಕ್ಷನ್ನನ್ನು ಒಂದೊಂದಕ್ಕೂ ಬೇರೆಬೇರೆಯಾಗಿ ಕರೆಯುವ ಲೂಪೇ, ವೇಷ ಮಾತ್ರ ಬೇರೆ.

ಉದ್ದ ಹೊಂದದ ವೆಕ್ಟರುಗಳ ಬಗ್ಗೆ ಎಚ್ಚರವಿರಲಿ. ಆರು ಸಂಖ್ಯೆಗಳಿಗೆ ಎರಡು ಸಂಖ್ಯೆಗಳನ್ನು ಕೂಡಿಸಿದರೆ ಆರ್ ಆ ಎರಡನ್ನೇ ಮೂರು ಬಾರಿ ಮರುಬಳಸಿ ಉತ್ತರ ಕೊಡುತ್ತದೆ, ಚಕಾರವೆತ್ತುವುದಿಲ್ಲ. ಆರಕ್ಕೆ ನಾಲ್ಕನ್ನು ಕೂಡಿಸಿದಾಗ ಮಾತ್ರ ಎಚ್ಚರಿಸುತ್ತದೆ, ಆಗಲೂ ಉತ್ತರ ಕೊಟ್ಟೇ ಕೊಡುತ್ತದೆ. ಲೆಕ್ಕಕ್ಕೆ ಮೊದಲು ಎರಡರ ಉದ್ದವೂ ಒಂದೇ ಎಂದು, ಷರತ್ತು ತಪ್ಪಿದರೆ ಕೆಲಸ ನಿಲ್ಲಿಸುವ ಸ್ಟಾಪ್‌ಇಫ್‌ನಾಟ್ ಹಾಕಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಮೆಮೊರಿಯನ್ನೂ ಗಮನಿಸಬೇಕು. ಒಂದು ದಶಮಾಂಶ ಸಂಖ್ಯೆಗೆ 8 ಬೈಟ್ ಬೇಕು. ಒಂದು ಕೋಟಿಗೆ 80 ಮೆಗಾಬೈಟ್. ಉದ್ದನೆಯ ಸೂತ್ರದ ನಡುವಣ ಉತ್ತರಗಳಿಗೂ ಅಷ್ಟಷ್ಟು ಜಾಗ ಹಿಡಿಯಬಹುದು. ಹತ್ತು ಸಾವಿರ ಬಿಂದುಗಳ ನಡುವಿನ ಅಂತರಗಳನ್ನೆಲ್ಲ ಔಟರ್ ಫಂಕ್ಷನ್ನಿನಿಂದ ಒಮ್ಮೆಗೇ ಕಂಡುಹಿಡಿಯಲು ಹೊರಟರೆ ಹತ್ತು ಕೋಟಿ ಕೋಶಗಳ, 800 ಮೆಗಾಬೈಟಿನ ಮ್ಯಾಟ್ರಿಕ್ಸ್ ಎದುರಾಗುತ್ತದೆ. ಇಂಥಲ್ಲಿ ಡೇಟಾವನ್ನು ತುಂಡು ಮಾಡಿ, ತುಂಡುಗಳ ಮೇಲೆ ಲೂಪ್ ನಡೆಸಿ, ಪ್ರತಿ ತುಂಡಿನೊಳಗೆ ವೆಕ್ಟರ್ ಕ್ರಿಯೆ ಬಳಸುವುದೇ ಜಾಣತನ.

ಹಳೆಯ ಲೂಪನ್ನು ಅಳಿಸುವ ಮುನ್ನ ಎರಡರ ಉತ್ತರವನ್ನೂ ಹೋಲಿಸಿ. ಇದಕ್ಕೆ ಚೂರೂ ವ್ಯತ್ಯಾಸ ಸಹಿಸದ ಐಡೆಂಟಿಕಲ್ ಬೇಡ, ಅತಿ ಸಣ್ಣ ವ್ಯತ್ಯಾಸವನ್ನು ಬಿಟ್ಟುಬಿಡುವ ಆಲ್ ಡಾಟ್ ಈಕ್ವಲ್ ಬಳಸಿ. ಕೂಡುವ ಕ್ರಮ ಬದಲಾದರೂ ದಶಮಾಂಶದ ಕೊನೆಯ ಅಂಕಿಗಳು ಅಲುಗಾಡಬಹುದು. ಪರೀಕ್ಷೆಯ ಡೇಟಾದಲ್ಲಿ ಒಂದು ಬಿಟ್ಟುಹೋದ ದಾಖಲೆ ಇರಲಿ. ಅಂಥದ್ದೊಂದಿದ್ದರೆ ಸಮ್ ಇಡೀ ಮೊತ್ತವನ್ನೇ ಎನ್‌ಎ (ಲಭ್ಯವಿಲ್ಲ) ಎನ್ನುತ್ತದೆ. ಖಾಲಿ ವೆಕ್ಟರನ್ನೂ ಒಮ್ಮೆ ಕೊಟ್ಟು ನೋಡಿ. 1ರಿಂದ ಉದ್ದದವರೆಗೆ ಎಂದು ಬರೆದ ಹಳೆಯ ಲೂಪ್ ಅಲ್ಲಿ ಸುಮ್ಮನಿರದೆ 1, 0 ಎಂದು ಎರಡು ಸುತ್ತು ಹಾಕುತ್ತದೆ. ಉತ್ತರಗಳು ಅಲ್ಲಿ ಬೇರೆಯಾದರೆ ದೋಷ ಹೊಸ ಸಾಲಿನದೇ ಆಗಿರಬೇಕೆಂದಿಲ್ಲ.